ನುಗ್ಗೆ ಮರದ ಕೆಳಗೆ ಆರು ಭಾನುವಾರ: ಒಂದು ಹಕ್ಕಿ ಚಿತ್ರ ತರಗತಿಯ ಬಗ್ಗೆ

ನನ್ನ ಅಂಗಡಿ ಮುಂದೆ ನಿಲ್ಲಿಸುವ ಸ್ಕೂಟರಿನ ಕನ್ನಡಿಗೆ ದಿನಾ ಬೆಳಿಗ್ಗೆ ಒಂದು ಸೂರಕ್ಕಿ ಬಂದು ಕುಕ್ಕುತ್ತದೆ. ಕನ್ನಡಿಯೊಳಗೆ ಕಾಣುವುದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗಂಡು ಎಂದು ಅದು ತಿಳಿದುಕೊಂಡಿದೆ. ಕುಕ್ಕಿ ಕುಕ್ಕಿ ದಣಿಯುವುದನ್ನು ನೋಡಲಾರದೆ ಕನ್ನಡಿಗೆ ಲೈನಿಂಗ್ ಬಟ್ಟೆಯ ಚೀಲ ಹೊಲಿದು ಹಾಕಿದ್ದೇನೆ. 22 ವರ್ಷದಿಂದ ಮೈಸೂರಿನಲ್ಲಿ ರವಿಕೆ ಹೊಲಿಯುತ್ತಿದ್ದೇನೆ. ಸೀರೆ ಕೈಗೆ ಬಂದ ಕೂಡಲೇ ಇದಕ್ಕೆ ಯಾವ ದಾರ, ಯಾವ ಲೈನಿಂಗ್ ಎಂದು ಕಣ್ಣೇ ಹೇಳಿಬಿಡುತ್ತದೆ. ಆದರೆ ಆ ಪುಟ್ಟ ಹಕ್ಕಿಯ ಕತ್ತಿನ ಬಣ್ಣಕ್ಕೆ ಒಂದು ಹೆಸರು ಕೊಡಲು ನನಗೆ ಆಗಿರಲಿಲ್ಲ. ಈಗ ನೇರಳೆ, ಅರೆಗಳಿಗೆಯಲ್ಲಿ ಕಪ್ಪು, ತಲೆ ಹೊರಳಿಸಿದರೆ ನೆತ್ತಿ ಮೇಲೆ ಹಸಿರು. ಅದನ್ನು ಕಾಗದದ ಮೇಲೆ ಇಡುವುದು ಹೇಗೆ ಅಂತ ಕಲಿಯಬೇಕು ಅನ್ನುವ ಆಸೆಯಿಂದ ಈ ತರಗತಿಗೆ ಸೇರಿದೆ. ಮುಗಿದು ಎರಡು ವಾರವಾಯಿತು. ಸೇರಬೇಕೋ ಬೇಡವೋ ಎಂದು ಕೇಳುವವರು ಬಹಳ ಜನ ಇರುವುದರಿಂದ ಬರೆಯುತ್ತಿದ್ದೇನೆ.

ತರಗತಿ ನಡೆಯುವುದು ಪಕ್ಕದ ಬಡಾವಣೆಯ ಸಮುದಾಯ ತೋಟದಲ್ಲಿ. ಒಂದು ಕಾಲಕ್ಕೆ ಅದು ಪಾರ್ಥೇನಿಯಂ ಬೆಳೆದು ಎಲ್ಲರೂ ಕಟ್ಟಡದ ಮಣ್ಣು ಸುರಿದು ಹೋಗುತ್ತಿದ್ದ ಸಿಎ ಸೈಟು, ಅಂದರೆ ಸಾರ್ವಜನಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ. ಬಡಾವಣೆಯವರೇ ಸೇರಿ ಹಸನು ಮಾಡಿ, ಮನೆಗೊಂದು ಮಡಿ ಅಂತ ಹಂಚಿಕೊಂಡು ಸೊಪ್ಪು ತರಕಾರಿ ಬೆಳೆಯುತ್ತಿದ್ದಾರೆ. ದಂಟು, ಮೆಂತ್ಯ, ಬದನೆ, ಚಪ್ಪರದ ಮೇಲೆ ಹೀರೆ. ಬೇಲಿ ಉದ್ದಕ್ಕೂ ದಾಸವಾಳ, ಮೂಲೆಯಲ್ಲಿ ಎರಡು ನುಗ್ಗೆ ಮರ, ನೀರಿನ ತೊಟ್ಟಿ ಪಕ್ಕ ಬಾಳೆ, ಗೇಟಿನ ಹತ್ತಿರ ಗಸಗಸೆ ಹಣ್ಣಿನ ಮರ. ಹಕ್ಕಿಗೆ ಇದಕ್ಕಿಂತ ಒಳ್ಳೆ ಜಾಗ ಊರೊಳಗೆ ಸಿಗುವುದು ಕಷ್ಟ. ಫೆಬ್ರವರಿ ಮೊದಲ ಭಾನುವಾರ ಶುರು, ಆರು ವಾರ, ಬೆಳಿಗ್ಗೆ 6.45ರಿಂದ 9ರವರೆಗೆ. ಶುಲ್ಕ 2,400 ರೂಪಾಯಿ, ಸಾಮಾನಿನ ಕಿಟ್‌ಗೆ ಬೇರೆ 650. ನಾವು 14 ಜನ ಇದ್ದೆವು. ಹತ್ತು ವರ್ಷದ ಹುಡುಗನಿಂದ ಹಿಡಿದು ರೈಲ್ವೆಯಿಂದ ನಿವೃತ್ತರಾದ 71ರ ಹಿರಿಯರ ತನಕ.

ಮೊದಲ ಎರಡು ವಾರ ಮೇಷ್ಟ್ರು ಬಣ್ಣ ಮುಟ್ಟಲು ಬಿಡಲಿಲ್ಲ. ದುಡ್ಡು ಕೊಟ್ಟು ಕಿಟ್ ತಂದವರು ಗೊಣಗಿದರು. ನನಗೆ ಅದು ಸರಿ ಅನ್ನಿಸಿತು. ನಾನೂ ಕಲಿಯಲು ಬರುವ ಹುಡುಗಿಯರಿಗೆ ತಿಂಗಳುಗಟ್ಟಲೆ ಪೇಪರ್ ಕಟಿಂಗ್ ಮಾಡಿಸಿದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕಲು ಬಿಡುವುದು. ಆ ಎರಡು ವಾರ ನಮ್ಮ ಕೈಯಲ್ಲಿ ಒಂದು 2ಬಿ ಪೆನ್ಸಿಲ್, ಒಂದು ಅಗ್ಗದ ಪುಸ್ತಕ, ಅಷ್ಟೇ. "ಮೊದಲು ಮೊಟ್ಟೆ ಬರೀರಿ, ಆಮೇಲೆ ಹಕ್ಕಿ ಬರುತ್ತೆ" ಅನ್ನುತ್ತಿದ್ದರು. ನಿಜಕ್ಕೂ ಮೊಟ್ಟೆಯೇ. ಹಕ್ಕಿಯ ಮೈ ಒಂದು ಓರೆ ಮೊಟ್ಟೆ, ತಲೆ ಇನ್ನೊಂದು ಸಣ್ಣ ಮೊಟ್ಟೆ. ಆ ದೊಡ್ಡ ಮೊಟ್ಟೆ ಎಷ್ಟು ವಾಲಿದೆ ಅನ್ನುವುದು ಸರಿಯಾಗಿ ಸಿಕ್ಕರೆ ದೂರದಿಂದ ನೋಡಿದವರೂ ಇದು ಪಿಕಳಾರ, ಇದು ಗೊರವಂಕ ಅಂತ ಗುರುತಿಸುತ್ತಾರೆ. ಪಿಕಳಾರ ನೆಟ್ಟಗೆ ಕೂರುತ್ತದೆ, ಚೋರೆ ಹಕ್ಕಿ ಮೈ ಚೆಲ್ಲಿ ಕೂರುತ್ತದೆ. ಹತ್ತು ಸೆಕೆಂಡಿಗೆ ಒಂದು ಚಿತ್ರ, ಹಕ್ಕಿ ಹಾರಿತು ಅಂದರೆ ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು. ಅದೇ ಹಕ್ಕಿ ಮತ್ತೆ ಅದೇ ಭಂಗಿಯಲ್ಲಿ ಬಂದು ಕೂರುತ್ತದೆ, ಆಗ ಬಿಟ್ಟದ್ದನ್ನು ಮುಂದುವರಿಸಿ ಅಂದರು. ನಾನು ನಂಬಿರಲಿಲ್ಲ. ಆದರೆ ದಾಸವಾಳದ ಬೇಲಿಯ ಮೇಲಿನ ಕೆಮ್ಮೀಸೆ ಪಿಕಳಾರ ಒಂದೇ ಬೆಳಿಗ್ಗೆ ಒಂಬತ್ತು ಸಲ ಅದೇ ಕೊಂಬೆಗೆ ಬಂದು, ಅದೇ ಥರ ಜುಟ್ಟು ಎತ್ತಿ, ಅದೇ ಕಡೆ ತಿರುಗಿ ಕೂತಿತು. ಎರಡನೇ ವಾರ ಮುಗಿಯುವಾಗ ನನ್ನ ಪುಸ್ತಕದಲ್ಲಿ ನೂರಕ್ಕೂ ಮೇಲೆ ಅರ್ಧ ಹಕ್ಕಿಗಳಿದ್ದವು. ಅವನ್ನು ನಾನು ಯಾವತ್ತೂ ಎಸೆಯುವುದಿಲ್ಲ.

ಕಾಲದ ಆಯ್ಕೆ ಬಹಳ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತೇವಲ್ಲ, ಆ ಆಸುಪಾಸಿನ ಮೂರು ನಾಲ್ಕು ವಾರ ತೋಟಕ್ಕೆ ತೋಟವೇ ಬದಲಾಗುತ್ತದೆ. ಎಲೆ ಉದುರಿ ಕೊಂಬೆ ಬಯಲಾಗಿರುತ್ತದೆ, ಹೊಸ ಚಿಗುರು ಇನ್ನೂ ಮುಚ್ಚಿರುವುದಿಲ್ಲ, ಹಾಗಾಗಿ ಹಕ್ಕಿ ಕಣ್ಣಿಗೆ ಬೀಳುತ್ತದೆ. ನುಗ್ಗೆ ಹೂವಿನ ಮಕರಂದಕ್ಕೆ ಸೂರಕ್ಕಿ ಮುತ್ತುತ್ತವೆ. ರಸ್ತೆ ಆಚೆಯ ಬೂರುಗದ ಮರ ಎಲೆಯೇ ಇಲ್ಲದೆ ಕೆಂಪಗೆ ಹೂ ಬಿಟ್ಟಿತ್ತು, ಅದರ ಮೇಲೆ ಗೊರವಂಕಗಳ ಜಗಳ ಬೆಳಗಿನಿಂದಲೇ. ಜನವರಿಯಲ್ಲಿ ಸುಮ್ಮನಿದ್ದ ಮಡಿವಾಳ ಹಕ್ಕಿ ಶಿವರಾತ್ರಿ ಕಳೆದ ಭಾನುವಾರ ನಾವು ಗೇಟು ತೆಗೆಯುವ ಮೊದಲೇ ದೀಪದ ಕಂಬದ ಮೇಲೆ ಕೂತು ಹಾಡುತ್ತಿತ್ತು. ಕಂಚುಗಾರ ಹಕ್ಕಿಯ ಟಂಕ್ ಟಂಕ್ ಬೇರೆ. ಅದು ಕೊಕ್ಕು ಮುಚ್ಚಿಕೊಂಡೇ ಕೂಗುತ್ತದೆ, ಪ್ರತಿ ಟಂಕ್‌ಗೂ ಗಂಟಲು ಉಬ್ಬುತ್ತದೆ. ದುರ್ಬೀನಿನಲ್ಲಿ ನೋಡುವ ತನಕ ನನಗೆ ಅದು ಗೊತ್ತಿರಲಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬಂದಿದ್ದ ಬೂದು ಕುಂಡೆಕುಸ್ಕ ಒಂದು ನೀರಿನ ತೊಟ್ಟಿ ಹತ್ತಿರ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಐದನೇ ವಾರದ ಹೊತ್ತಿಗೆ ಹೊರಟುಹೋಗಿತ್ತು. ಅದರ ಎರಡೇ ಚಿತ್ರ ನನ್ನ ಹತ್ತಿರ ಇವೆ.

ಇನ್ನು ಬಣ್ಣದ ವಿಷಯ. ನಾನು ಹೋಗಿದ್ದೇ ಅದಕ್ಕೆ.

ಮೂರನೇ ವಾರ ಮೇಷ್ಟ್ರು ಸೂರಕ್ಕಿಯ ಕತ್ತಿನ ಬಗ್ಗೆ ಹೇಳಿದರು. ಅಲ್ಲಿ ನೇರಳೆ ಬಣ್ಣ ಅನ್ನುವ ವಸ್ತುವೇ ಇಲ್ಲವಂತೆ. ಗರಿಯೊಳಗೆ ಕಪ್ಪು ಕಣಗಳು ತೆಳುವಾದ ಪದರ ಪದರವಾಗಿ ಕೂತಿರುತ್ತವೆ. ಬಿಸಿಲು ಆ ಪದರಗಳ ಮೇಲೆ ಬಿದ್ದು ಹಿಂದಿರುಗುವಾಗ ಒಂದು ಕೋನದಲ್ಲಿ ನೇರಳೆ, ಇನ್ನೊಂದು ಕೋನದಲ್ಲಿ ಕಪ್ಪು. ಮಿಂಚುಳ್ಳಿಯ ನೀಲಿಯಲ್ಲೂ ನೀಲಿ ದ್ರವ್ಯ ಇಲ್ಲ. ಅಲ್ಲಿ ಸ್ಪಂಜಿನಂಥ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುತ್ತದೆ. ಗಿಳಿಯ ಹಸಿರೂ ಅಷ್ಟೆ: ಅಂಥ ನೀಲಿಯ ಮೇಲೆ ಹಳದಿ ದ್ರವ್ಯ ಸೇರಿ ಆದದ್ದು. ಅವರು ಇಷ್ಟು ಹೇಳುವಾಗ ನನ್ನ ಕಣ್ಣ ಮುಂದೆ ಮಯೂರಕಂಠಿ ಸೀರೆ ಬಂದು ನಿಂತಿತು. ಹಾಸು ನೀಲಿ, ಹೊಕ್ಕು ಹಸಿರು. ನೆರಿಗೆಯ ಉಬ್ಬಿನಲ್ಲಿ ಒಂದು ಬಣ್ಣ, ತಗ್ಗಿನಲ್ಲಿ ಒಂದು ಬಣ್ಣ. ಆ ಸೀರೆಗೆ ರವಿಕೆ ಹೊಲಿಯುವಾಗ ಎರಡು ತೋಳಿನ ಬಟ್ಟೆಯನ್ನೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ಬಲಗೈ ಒಂದು ಬಣ್ಣ, ಎಡಗೈ ಒಂದು ಬಣ್ಣ ಕಾಣುತ್ತದೆ. ಕಾರಣ ಬೇರೆಬೇರೆ ಇರಬಹುದು, ಕಣ್ಣಿಗೆ ಆಗುವುದು ಒಂದೇ. ಇದನ್ನು ಹೇಳಿದೆ. ಮೇಷ್ಟ್ರು ಎಲ್ಲರನ್ನೂ ಕರೆದು "ಇನ್ನೊಂದ್ಸಲ ಹೇಳಿಮ್ಮಾ" ಅಂದರು. ಮುಂದಿನ ವಾರ ನಾನು ಒಂದು ತುಂಡು ಮಯೂರಕಂಠಿ ರೇಷ್ಮೆ ತಂದೆ. ಅದನ್ನು ಮುದುರಿ ಬಿಸಿಲಿಗಿಟ್ಟು 14 ಜನವೂ ಮೊದಲು ಬಟ್ಟೆ ಬರೆದೆವು, ಆಮೇಲೆ ಹಕ್ಕಿ.

ಬರೆಯುವ ಬಗೆ ಹೀಗೆ. ಹೊಳಪು ಬೇಕಾದ ಕಡೆ ಕಾಗದವನ್ನು ಹಾಗೇ ಬಿಳಿ ಬಿಡಬೇಕು. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದ. ಅದರ ಸುತ್ತ ಕ್ರಿಮ್ಸನ್ ಅನ್ನುವ ಕಡುಗೆಂಪು, ಅಲ್ಟ್ರಾಮರೀನ್ ಅನ್ನುವ ಕಡುನೀಲಿ ಬೆರೆಸಿದ ತೆಳು ನೇರಳೆ. ಅದು ಪೂರ್ತಿ ಒಣಗಿದ ಮೇಲೆ ಹೊಳಪಿನ ಪಕ್ಕಕ್ಕೇ, ಒಂದು ಕೂದಲೆಳೆ ಬಿಟ್ಟು, ಅತಿ ಕಡು ಬಣ್ಣ. ಹೊಳೆಯುವ ಬಣ್ಣ ಅಂತ ಬೇರೆ ಇಲ್ಲ, ಕಡುಬಣ್ಣ ಬಿಳಿಯನ್ನು ಒತ್ತಿ ನಿಂತಾಗ ಹೊಳಪು ಹುಟ್ಟುತ್ತದೆ. ಡಬ್ಬಿಯ ಕಪ್ಪನ್ನು ಮುಟ್ಟಬೇಡಿ ಅಂದರು. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬೆರೆಸಿದರೆ ಜೀವ ಇರುವ ಕಪ್ಪು ಬರುತ್ತದೆ, ಮಡಿವಾಳ ಹಕ್ಕಿಯ ಬೆನ್ನಿಗೆ ಅದೇ ಸರಿ. ಕಣ್ಣಿನಲ್ಲಿ ಸೂಜಿ ಮೊನೆಯಷ್ಟು ಬಿಳಿ ಬಿಡಬೇಕು. ಅದು ತಪ್ಪಿದರೆ ಹಕ್ಕಿ ಸತ್ತ ಹಾಗೆ ಕಾಣುತ್ತದೆ. ಒಂದು ತೊಂದರೆ ಅಂದರೆ ಏಳು ಗಂಟೆಯ ಮಂಜಿನಲ್ಲಿ ಬಣ್ಣ ಒಣಗುವುದೇ ಇಲ್ಲ, ಎಂಟೂವರೆಯ ಬಿಸಿಲಿಗೆ ಬ್ರಷ್ ಎತ್ತುವ ಮೊದಲೇ ಒಣಗುತ್ತದೆ. ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲೇ ಮುಖ್ಯ ಕೆಲಸ ಮುಗಿಸಿಕೊಳ್ಳಬೇಕು.

ಕಿಟ್ ಬಗ್ಗೆ ನನಗೆ ಸಮಾಧಾನವಿಲ್ಲ. 12 ಬಣ್ಣದ ಟ್ಯೂಬುಗಳು ಕಲಿಯುವವರಿಗೆ ಸಾಕು, ನೈಲಾನ್ ಬ್ರಷ್‌ಗಳು 2, 6, 10ನೇ ನಂಬರಿನವು, ಮೊನೆ ಚೆನ್ನಾಗಿ ಕೂಡುತ್ತಿತ್ತು. ಆದರೆ ಕಾಗದ! ಕೈಗೆ ಸಿಕ್ಕ ತಕ್ಷಣ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದೆ. ಹತ್ತಿ ಯಾವುದು, ಪಾಲಿಯೆಸ್ಟರ್ ಮಿಕ್ಸ್ ಯಾವುದು ಎಂದು ಬೆರಳು ಹೇಳುತ್ತದಲ್ಲ, ಹಾಗೆ ಇದು ನೀರು ಕುಡಿಯುವ ಕಾಗದವಲ್ಲ ಎಂದು ಗೊತ್ತಾಯಿತು. ಎರಡನೇ ಪದರ ಹಚ್ಚುವಷ್ಟರಲ್ಲಿ ಹಪ್ಪಳದ ಹಾಗೆ ಸೊಟ್ಟಗಾಯಿತು, ಮೂರನೇ ಪದರಕ್ಕೆ ಮೇಲ್ಮೈ ಎದ್ದು ಜುಂಜು ಬಂತು. ನನ್ನ ಮೊದಲ ಗಂಡು ಸೂರಕ್ಕಿ ಹೀಗೇ ಹಾಳಾಯಿತು. ಆ ದಿನ ಮನೆಗೆ ಹೋದ ಮೇಲೂ ಬೇಜಾರು ಹೋಗಲಿಲ್ಲ. ಪದರದ ಮೇಲೆ ಪದರ ಹಚ್ಚಿ ಅಂತ ಕಲಿಸುವವರು ಅದನ್ನು ತಡೆಯದ ಕಾಗದ ಕೊಡಬಾರದು. ಮಾರನೆ ವಾರ ನಾನೇ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ ಹತ್ತಿ ಕಾಗದದ ದೊಡ್ಡ ಹಾಳೆ ತಂದು ನಾಲ್ಕು ಭಾಗ ಮಾಡಿಕೊಂಡೆ. ಮಕ್ಕಳಿಗೂ ಒಂದೊಂದು ತುಂಡು ಕೊಟ್ಟೆ. ಅದೇ ಕೈ, ಅದೇ ಬಣ್ಣ, ಚಿತ್ರ ಮಾತ್ರ ಬೇರೆಯೇ ಬಂತು. ಇದನ್ನು ಸಂಘಟಕರಿಗೂ ಹೇಳಿದ್ದೇನೆ.

ಬ್ರಷ್ ಮಾತು ಬಂದಾಗ ಮೇಷ್ಟ್ರು ಹೇಳಿದ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಕೆಲವು ಕಡೆ ಈಗಲೂ ಮುಂಗುಸಿ ಕೂದಲಿನ ಬ್ರಷ್ ಮಾರುತ್ತಾರೆ. ಮುಂಗುಸಿಯನ್ನು ಕೊಂದು ತೆಗೆದ ಕೂದಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಹಕ್ಕಿಯ ಚಿತ್ರ ಬರೆಯಲು ಹೊರಟವರ ಕೈಯಲ್ಲಿ ಅದು ಇರಲೇಬಾರದು. ನೈಲಾನೇ ಸಾಕು.

ನಾಲ್ಕನೇ ವಾರ ಒಂದು ಘಟನೆ ನಡೆಯಿತು. ಮೇಷ್ಟ್ರಿಗೆ ಸಹಾಯಕ್ಕೆ ಬರುತ್ತಿದ್ದ ಹುಡುಗ, ಹಕ್ಕಿ ಹತ್ತಿರ ಬರಲಿ ಅಂತ ಫೋನಿನಲ್ಲಿ ಸಿಂಪಿಗ ಹಕ್ಕಿಯ ಕೂಗು ಹಾಕಿದ. ಟುವ್ವಿ ಅಂತಲೂ ಅನ್ನುತ್ತಾರಲ್ಲ, ಅದೇ. ಹಕ್ಕಿ ಬಂತು, ನಿಜ. ಬಾಲ ನಿಗುರಿಸಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಾ, ಕಾಣದ ಶತ್ರುವನ್ನು ಹುಡುಕುತ್ತಾ, ಗಂಟಲು ಹರಿಯುವ ಹಾಗೆ ಕೂಗಿತು. ಎಲ್ಲರೂ ಪೆನ್ಸಿಲ್ ಹಿಡಿದರು. ನನಗೆ ನನ್ನ ಸ್ಕೂಟರ್ ಕನ್ನಡಿ ನೆನಪಾಯಿತು. "ನಿಲ್ಸಪ್ಪಾ, ಅದು ಗೂಡು ಕಟ್ಟೋ ಕಾಲ, ಹೀಗೆ ದಣಿಸಿದ್ರೆ ಮರಿ ಮಾಡೋದು ಯಾವಾಗ" ಅಂದೆ. ಹುಡುಗ ಮೇಷ್ಟ್ರ ಮುಖ ನೋಡಿದ. ಅವರು ಬಂದು ಫೋನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಎಲ್ಲರೆದುರು, ನಾನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು ಅಂದರು. ಉಳಿದ ಎರಡು ವಾರ ಆ ಕೆಲಸ ನಡೆಯಲಿಲ್ಲ. ಆ ಮಾತಿಗಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಆದರೂ ಮುಂದಿನ ತಂಡಕ್ಕೆ ಇದನ್ನು ಮೊದಲ ದಿನವೇ ನಿಯಮ ಮಾಡಬೇಕು ಎಂದು ಒತ್ತಿ ಹೇಳುತ್ತೇನೆ.

ಆ ಸಿಂಪಿಗ ಹಕ್ಕಿಯ ಗೂಡು ಮುಂದಿನ ವಾರ ಸಿಕ್ಕಿತು. ಬದನೆ ಮಡಿಯ ಅಜ್ಜಿ ನನ್ನ ಸೆರಗು ಜಗ್ಗಿ, "ಬಾರವ್ವ, ನಿನ್ ಕಸುಬಿನೋರು ಇಲ್ಲವ್ರೆ" ಅಂತ ಕರೆದುಕೊಂಡು ಹೋದರು. ದೂರದಿಂದ, ದುರ್ಬೀನಿನಲ್ಲಿ ಮಾತ್ರ ನೋಡಿದೆ. ದೊಡ್ಡ ಬದನೆ ಎಲೆಯೊಂದನ್ನು ದೊನ್ನೆ ಥರ ಸುತ್ತಿ ಅಂಚಿಗೆ ಅಂಚು ಹೊಲಿದಿತ್ತು. ಕೊಕ್ಕಿನಿಂದ ಅಂಚಿನುದ್ದಕ್ಕೂ ತೂತು ಮಾಡಿ, ಅದರಲ್ಲಿ ಹತ್ತಿ, ಜೇಡರ ನೂಲು ತೂರಿಸಿದೆ. ಗಂಟು ಹಾಕಿಲ್ಲ. ಹೊರಗೆ ಬಂದ ಎಳೆಯ ತುದಿಯನ್ನು ಬಿಡಿಸಿ ಹರಡಿದೆ, ಗುಂಡಿಯ ಹಾಗೆ ಅಗಲವಾಗಿ ಅದು ತೂತಿನಿಂದ ಹಿಂದಕ್ಕೆ ಜಾರುವುದಿಲ್ಲ. ಒಂದೊಂದು ಹೊಲಿಗೆಯೂ ಬಿಡಿ. ಒಂದು ಕಿತ್ತರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ಮಿಷನ್ನಿನ ಚೈನ್ ಸ್ಟಿಚ್ ಒಂದು ಕಡೆ ಬಿಟ್ಟರೆ ಸರ್ರನೆ ಪೂರ್ತಿ ಬಿಚ್ಚಿಹೋಗುತ್ತದಲ್ಲ, ಆ ಭಯ ಇದಕ್ಕಿಲ್ಲ. ಎಲೆ ಇನ್ನೂ ಗಿಡದಲ್ಲೇ ಹಸಿರಾಗಿ ಬದುಕಿದೆ, ಹೊಲಿಗೆ ಬಿದ್ದ ಎಲೆ ಎಂದು ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಅಜ್ಜಿ ಆ ಗಿಡಕ್ಕೆ ಒಂದು ಕೆಂಪು ದಾರ ಕಟ್ಟಿ, ಮರಿ ಹಾರುವ ತನಕ ಯಾರೂ ಬದನೆ ಕೀಳಬಾರದು ಅಂತ ಸಾರಿಬಿಟ್ಟರು. ಮೇಷ್ಟ್ರೂ ತರಗತಿಯನ್ನು ಆ ಕಡೆಯಿಂದ ಬಾಳೆ ಹತ್ತಿರಕ್ಕೆ ಸರಿಸಿದರು.

ಅದೇ ದಿನ ಅವರು ಹಳೆಯ ಚಿತ್ರಗಳ ಪ್ರತಿ ತೋರಿಸಿದರು. ಜಹಾಂಗೀರನ ಆಸ್ಥಾನದ ಮನ್ಸೂರ್ ಬರೆದವು ಕೆಲವು, ಕಲ್ಕತ್ತದಲ್ಲಿ 1777ರಿಂದ 1782ರ ನಡುವೆ ಶೇಖ್ ಜೈನುದ್ದೀನ್ ಬರೆದವು ಕೆಲವು. ಜೈನುದ್ದೀನ್ ಪಟ್ನಾದವರು. ಕಲ್ಕತ್ತದ ಮುಖ್ಯ ನ್ಯಾಯಾಧೀಶ ಇಂಪೆಯ ಹೆಂಡತಿ ಮೇರಿ ಸಾಕಿದ್ದ ಹಕ್ಕಿಗಳನ್ನು ಮುಂದಿಟ್ಟುಕೊಂಡು, ಆದಷ್ಟೂ ಇದ್ದ ಗಾತ್ರಕ್ಕೇ ಬರೆದರಂತೆ, ಇಂಗ್ಲೆಂಡಿನಿಂದ ಬಂದ ಕಾಗದದ ಮೇಲೆ. ಭವಾನಿ ದಾಸ್, ರಾಮ್ ದಾಸ್ ಎಂಬ ಇನ್ನಿಬ್ಬರೂ ಜೊತೆಗಿದ್ದರು. ಪ್ರತಿ ಗರಿಯ ಅಂಚೂ ಲೆಕ್ಕ ಹಾಕಿ ಕೂರಿಸಿದ ಹಾಗಿದೆ. ಜರಿ ಕಸೂತಿ ಮಾಡುವವರು ನೋಡಬೇಕಾದ ಕೆಲಸ. ಪಂಜರದ ಹಕ್ಕಿ ಬರೆದ ಅವರ ಕೈ ಅಷ್ಟು ನಯವಾಗಿತ್ತು. ಹಾರಿಹೋಗುವ ಹಕ್ಕಿ ಬರೆಯುವ ನಮಗೆ ಆ ನಯ ಬರಲಿಕ್ಕಿಲ್ಲ, ಅದರ ಬದಲು ಹಾರಾಟ ಸಿಗುತ್ತದೆ ಅಂದರು ಮೇಷ್ಟ್ರು. ನಾನು ಒಪ್ಪುತ್ತೇನೆ. ನನಗೆ ಹಾರಾಟವೇ ಬೇಕು.

ಉಳಿದ ಅನಾನುಕೂಲಗಳು. 6.45 ಅಂತ ಹೇಳಿ ತಡವಾಗಿ ಬರುವವರಿಗಾಗಿ 7.10ರ ತನಕ ಕಾಯುತ್ತಿದ್ದರು. ಹಕ್ಕಿ ಅತಿ ಹೆಚ್ಚು ಓಡಾಡುವ ಹೊತ್ತು ಅದೇ, ಕಾಯಬಾರದಿತ್ತು. ದುರ್ಬೀನು ಇದ್ದದ್ದು ನಾಲ್ಕು, ಜನ 14. ಎಂಟು ಪಟ್ಟು ಹತ್ತಿರ ತೋರಿಸುವ 8x42ರವು, ಒಳ್ಳೆಯವೇ, ಆದರೆ ಕೈಗೆ ಬರುವಷ್ಟರಲ್ಲಿ ಹಕ್ಕಿ ಇರುತ್ತಿರಲಿಲ್ಲ. ಶೌಚಾಲಯ ಇಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ ಎರಡೂಕಾಲು ಗಂಟೆ ಕಷ್ಟ. ಎದುರು ಮನೆಯವರು ಒಳ್ಳೆಯವರಾಗಿದ್ದರಿಂದ ನಡೆಯಿತು. ಮಡಿಗಳ ನಡುವಿನ ಕಾಲುದಾರಿ ಒಂದಡಿ ಅಗಲ, ಮೊದಲ ವಾರವೇ ಯಾರೋ ಕೊತ್ತಂಬರಿ ತುಳಿದು ಮಾತಾಯಿತು. ಹತ್ತು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳಬಾರದು.

ಕೊನೆಯ ಭಾನುವಾರ ಎಲ್ಲರ ಚಿತ್ರಗಳನ್ನೂ ಚಪ್ಪರಕ್ಕೆ ಬಟ್ಟೆ ಕ್ಲಿಪ್ ಹಾಕಿ ತೂಗುಹಾಕಿದರು. ತೋಟದವರೂ ಬಂದು ನೋಡಿದರು. ಹತ್ತು ವರ್ಷದ ಹುಡುಗ ಬರೆದ ಬದನಿಕೆ ಹಕ್ಕಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. 8 ಸೆಂಟಿಮೀಟರಿನ ಹಕ್ಕಿ, ಬಣ್ಣವೂ ಮಣ್ಣಿನಂಥದ್ದು, ಯಾರೂ ಅದರ ಕಡೆ ತಿರುಗಿರಲಿಲ್ಲ. ಮರದ ಮೇಲೆ ಬೆಳೆಯುವ ಬದನಿಕೆಯ ಹಣ್ಣು ತಿಂದು ಅದರ ಬೀಜ ಹರಡುವುದರಿಂದ ಆ ಹೆಸರು. ಅವನು ಗಸಗಸೆ ಮರದ ಕೆಳಗೆ ಆರೂ ವಾರ ಅದನ್ನೇ ನೋಡುತ್ತಾ ಕೂತಿದ್ದ. ಅದು ಹಣ್ಣಿಗೆ ಬಾಗಿದ ವಾಲು ಎಷ್ಟು ಸರಿಯಾಗಿ ಬಂದಿತ್ತೆಂದರೆ, ಕಣ್ಣು ತುಂಬಿ ಬಂತು.

ನಾನು ತೂಗುಹಾಕಿದ್ದು ಹೆಣ್ಣು ಸೂರಕ್ಕಿ. ಗಂಡಿನ ಹೊಳಪಿಗಾಗಿ ಹೋದವಳು ಹೆಣ್ಣಿನಲ್ಲಿ ನಿಂತೆ. ಬೂದುಬಿಳಿ ಕತ್ತು, ತಿಳಿ ಹಳದಿ ಹೊಟ್ಟೆ, ಕಂದು ಬೆನ್ನು. ಬಾಳೆ ಮೋತೆಯ ಮೇಲೆ ತಲೆಕೆಳಗಾಗಿ ತೂಗುತ್ತಿದೆ, ಕೊಕ್ಕಿನಲ್ಲಿ ಜೇಡರ ಬಲೆಯ ಒಂದು ಎಳೆ ಇದೆ. ನುಗ್ಗೆ ಕೊಂಬೆಗೆ ತೂಗುಗೂಡು ಕಟ್ಟುವ ಕೆಲಸ ಪೂರ್ತಿ ಅವಳದೇ, ಗಂಡು ಸುತ್ತ ಹಾರಾಡುತ್ತಿತ್ತು ಅಷ್ಟೇ. ಆ ಎಳೆಯನ್ನು ಬಣ್ಣದಿಂದ ಬರೆದಿಲ್ಲ. ಒಣಗಿದ ಹಿನ್ನೆಲೆಯ ಮೇಲೆ ಸೂಜಿಯಿಂದ ಕೆರೆದು ಕಾಗದದ ಬಿಳಿ ತೆಗೆದೆ. ಇದು ಮೇಷ್ಟ್ರು ಕಲಿಸಿದ್ದಲ್ಲ, ಕೈಗೆ ಸೂಜಿ ಸಿಕ್ಕಿತು, ಮಾಡಿದೆ. ಅವರು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

ಹತ್ತಕ್ಕೆ ಎಂಟು ಕೊಡುತ್ತೇನೆ. ಕಳೆದ ಎರಡರಲ್ಲಿ ಒಂದು ಕಾಗದಕ್ಕೆ, ಒಂದು ಹೊತ್ತಿಗೆ. ಮನೆಗೆ ತೂಗುಹಾಕಲು ಒಂದು ಚಂದದ ಚಿತ್ರ ಬೇಗ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಹಕ್ಕಿ ಮುಂದೆ ಸುಮ್ಮನೆ ಕೂರುವ ತಾಳ್ಮೆ ಇರುವವರು ಖಂಡಿತ ಸೇರಿ. ಮುಂದಿನ ತಂಡ ದೀಪಾವಳಿ ಕಳೆದ ಮೇಲಂತೆ, ಚಳಿಗಾಲದ ಹಕ್ಕಿಗಳು ಬರುವ ಹೊತ್ತಿಗೆ. ಕಿಟ್ ಬೇಡ ಅನ್ನಿ, ಅದೇ ದುಡ್ಡಿಗೆ ಹತ್ತಿ ಕಾಗದ, ಮೂರು ಬ್ರಷ್, ಆರು ಬಣ್ಣ ಬರುತ್ತದೆ. ಒಂದು ಮಡಿಸುವ ಸ್ಟೂಲು, ತಲೆಗೆ ಟೋಪಿ, ಬಣ್ಣದ ನೀರು ಮಡಿಗೆ ಚೆಲ್ಲದೆ ವಾಪಸ್ ಒಯ್ಯಲು ಮುಚ್ಚಳದ ಬಾಟ್ಲಿ ಇಟ್ಟುಕೊಳ್ಳಿ. ಆರೂವರೆಗೇ ಹೋಗಿ ಗೇಟಿನ ಹತ್ತಿರ ಗಸಗಸೆ ಮರದ ಕೆಳಗೆ ನಿಂತಿರಿ.